ತಂಡೇಲ ಗಿರಿಯಪ್ಪ ಭೂಮಿ ಅಳೆದದ್ದು

ಬೆಂಗ್ರೆಯಲ್ಲಿ ಗಿರಿಯಪ್ಪನ ಕಲ್ಲನ್ನು ಕಂಡವರು ಕಡಿಮೆ, ಕೇಳದವರು ಯಾರೂ ಇಲ್ಲ. ಸಮುದ್ರದ ನಡುವೆ ಎಲ್ಲೋ ಒಂದು ಬೋಳು ಬಂಡೆ. ಅದರ ಸುತ್ತ ಅಂಜಲ್, ಬೊಂಡಾಸ್ ಮೀನುಗಳು ಗುಂಪುಗಟ್ಟಿ ಇರುತ್ತವೆ. ಬೇರೆ ಬೋಟುಗಳು ಬರಿಗೈಯಲ್ಲಿ, ಹೊಳೆ ಕಡಲು ಸೇರುವ ಅಳಿವೆ ಹೊಕ್ಕ ದಿನವೂ ಗಿರಿಯಪ್ಪನ ಬೋಟು ಮೀನಿನ ಭಾರಕ್ಕೆ ನೀರಿಗಿಳಿದು, ಬಸುರಿಯ ಹಾಗೆ ನಿಧಾನವಾಗಿ ದಕ್ಕೆಗೆ ಬರುತ್ತಿತ್ತು. ಎಲ್ಲುಂಟು ಮಾರಾಯ ಆ ಕಲ್ಲು ಎಂದು ಕೇಳಿದವರಿಗೆಲ್ಲ ಅವನು ನಲವತ್ತು ವರ್ಷ ಒಂದೇ ಉತ್ತರ ಕೊಟ್ಟಿದ್ದ.

"ಉತ್ತರಕ್ಕೆ ಒಂದು ಹಗಲು, ಒಂದು ರಾತ್ರಿ. ಗೋವೆ ದಾಟಿ."

ಪಶ್ಚಿಮಕ್ಕೆ ಎಷ್ಟು ಎಂದು ಕೇಳಿದರೆ ನಗುತ್ತಿದ್ದ.

ಅದು ಸುಳ್ಳು. ಕಲ್ಲು ಇರುವುದು ಗೋವೆಯ ಈಚೆಗೆ. ಉತ್ತರಕ್ಕೆ ಹದಿನೆಂಟು ಗಂಟೆ ಓಡಿದರೆ ಸಾಕು. ಮಿಕ್ಕ ಆರು ಗಂಟೆಯನ್ನು ಗಿರಿಯಪ್ಪ ನಡುನೀರಿನಲ್ಲಿ ಎಂಜಿನ್ ನಿಲ್ಲಿಸಿ, ಬೆನ್ನು ಬಿದ್ದ ಬೋಟುಗಳು ಬೇಸತ್ತು ಬೇರೆ ದಾರಿ ಹಿಡಿಯುವವರೆಗೆ ಎಲೆಯಡಿಕೆ ಜಗಿಯುತ್ತ ಕಳೆಯುತ್ತಿದ್ದ. ಇದನ್ನು ಸುಳ್ಳೆಂದು ಬೆಂಗ್ರೆಯಲ್ಲಿ ಯಾರೂ ಕರೆಯುವುದಿಲ್ಲ. ಬೋಟು ನಡೆಸುವ ತಂಡೇಲ ತನ್ನ ಮೀನಿನ ಜಾಗವನ್ನು ನಿಜ ಹೇಳಿದರೆ ಅವನನ್ನು ಪೆದ್ದನೆಂದಾರು. ಈಗ ಜಿಪಿಎಸ್ ಬಂದಿದೆ. ಆದರೂ ದಕ್ಕೆ ಕಾಣಿಸುವ ಮೊದಲು ಅದರ ಪರದೆಯ ಮೇಲಿನ ಗುರುತು ಅಳಿಸಿ ಬರುವ ತಂಡೇಲರೇ ಹೆಚ್ಚು.

ಕಲ್ಲಿನ ನಿಜವಾದ ದಾರಿ ಗೊತ್ತಿದ್ದದ್ದು ಗಿರಿಯಪ್ಪನಿಗೆ, ಈಗ ಅವನ ಬೋಟು ನಡೆಸುವ ಕಿರಿಯ ಮಗ ಕಮಲೇಶನಿಗೆ. ಹಿರಿಯ ಮಗ ಧನರಾಜ ಪಣಂಬೂರು ಬಂದರಿನಲ್ಲಿ ಕೆಲಸಕ್ಕಿದ್ದವನು, ಸಮುದ್ರಕ್ಕೆ ಹೋಗುತ್ತಿರಲಿಲ್ಲ. ಒಮ್ಮೆ ಊಟಕ್ಕೆ ಕೂತಾಗ ಅವನೂ ಕೇಳಿದ್ದ, "ಅಪ್ಪ, ನಿಮ್ಮ ಕಲ್ಲು ನಿಜವಾಗಿ ಎಲ್ಲುಂಟು?" ಗಿರಿಯಪ್ಪನ ಬಾಯಿ ತಾನಾಗಿ ಹೇಳಿಬಿಟ್ಟಿತ್ತು: ಒಂದು ಹಗಲು, ಒಂದು ರಾತ್ರಿ. ನಾಳೆ ಸರಿಮಾಡಿ ಹೇಳಿದರಾಯಿತು ಎಂದುಕೊಂಡಿದ್ದ. ಆ ಮಳೆಗಾಲದಲ್ಲಿ ಪಂಪ್‌ವೆಲ್ ಹತ್ತಿರ ಧನರಾಜನ ಬೈಕಿಗೆ ಲಾರಿ ತಾಗಿತು.

ಅವನ ಹೆಂಡತಿ ಶರ್ಮಿಳಾ ಮಾವನ ಮನೆಯಲ್ಲೇ ಉಳಿದಳು. ನಗರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಬೆಳಿಗ್ಗೆ ಫೆರಿಯಲ್ಲಿ ಹೊಳೆ ದಾಟಿ ಹೋಗುವಳು, ಸಂಜೆ ಫೆರಿಯಲ್ಲೇ ಬರುವಳು. ಅತ್ತೆಯ ಜೊತೆ ಅಡುಗೆ ಮಾಡುವಳು. ಅಳುವುದನ್ನು ಯಾರೂ ಕಾಣಲಿಲ್ಲ. ಎರಡು ವರ್ಷದಿಂದ ಅವಳ ಮಾತು "ಹೂಂ", "ಆಯ್ತು ಮಾವ", "ಬೇಡ ಅತ್ತೆ" ಇಷ್ಟರಲ್ಲೇ ಮುಗಿಯುತ್ತಿತ್ತು. ಹಾಗಾಗಿ ಏಪ್ರಿಲ್ ತಿಂಗಳ ಒಂದು ಸಂಜೆ ಅವಳು ತಾನಾಗಿ ಜಗಲಿಗೆ ಬಂದು, "ಮಾವ, ನಿಮ್ಮಿಂದ ಒಂದು ಉಪಕಾರ ಆಗಬೇಕು" ಎಂದಾಗ ಗಿರಿಯಪ್ಪ ಹೊಲಿಯುತ್ತಿದ್ದ ಬಲೆಯನ್ನು ತೊಡೆಯಿಂದ ಕೆಳಗಿಟ್ಟ.

ಜಗಲಿಯ ಇನ್ನೊಂದು ತುದಿಯಲ್ಲಿ ಮೊಯ್ದೀನಬ್ಬ ಚಾ ಕುಡಿಯುತ್ತಿದ್ದ. ಅವನೂ ತಂಡೇಲನೇ, ಗಿರಿಯಪ್ಪನ ಪ್ರಾಯದವನು, ಆ ಕಲ್ಲನ್ನು ಹುಡುಕಿ ಹುಡುಕಿ ಸೋತವನು. ದಿನವೂ ಸಂಜೆ ಇಲ್ಲಿಗೇ ಬಂದು ಚಾ ಕುಡಿಯುವವನು.

"ಇಪ್ಪತ್ತನಾಲ್ಕಕ್ಕೆ ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರ್ತಾನೆ ಮಾವ" ಎಂದಳು ಶರ್ಮಿಳಾ. "ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆದರೆ ಅದೇ ದಿನ ಉತ್ತರಕ್ಕೆ ದೂರದಲ್ಲಿ ಕೋಲು ನಿಲ್ಲಿಸಿದ್ರೆ ಅದಕ್ಕೆ ಸ್ವಲ್ಪ ನೆರಳು ಬೀಳ್ತದೆ. ಭೂಮಿ ಬಾಗಿರುವುದಕ್ಕೆ ಹಾಗೆ. ಆ ನೆರಳು ಎಷ್ಟು ಉದ್ದ, ಅಲ್ಲಿಗೆ ದೂರ ಎಷ್ಟು, ಇವೆರಡು ಗೊತ್ತಾದ್ರೆ ಇಡೀ ಭೂಮಿಯ ಸುತ್ತಳತೆ ಹೇಳಬಹುದು. ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಒಬ್ಬ ಹೀಗೇ ಅಳೆದಿದ್ದ."

"ಈಗ ಎಂತಕ್ಕೆ ಪುನಃ ಅಳೆಯುವುದು?" ಎಂದ ಮೊಯ್ದೀನಬ್ಬ. "ಭೂಮಿ ಏನು ತೊಳೆದು ಕುಗ್ಗಿದೆಯಾ?"

"ಪುಸ್ತಕದಲ್ಲಿ ಉಂಟು ಅಂತ ನಂಬುವುದು ಬೇರೆ ಮೊಯ್ದೀನಾಕ, ನಾವೇ ಅಳೆಯುವುದು ಬೇರೆ. ಬೆಂಗ್ರೆಯವರು ಅಳೆಯಲಿ ಅಂತ."

ಅವಳ ಬಾಯಲ್ಲಿ 'ಬೆಂಗ್ರೆಯವರು' ಎಂಬ ಮಾತು ಕೇಳಿ ಗಿರಿಯಪ್ಪನ ಎದೆ ಒಂದಿಷ್ಟು ಅಗಲವಾಯಿತು. ಅವಳ ತವರು ಬೈಕಂಪಾಡಿ. ಗಂಡನಿಲ್ಲದ ಮೇಲೆ ಹೋಗಿಬಿಡುವಳೇನೋ ಎಂದು ಊರು ಮಾತಾಡಿಕೊಂಡಿತ್ತು.

"ಉತ್ತರದ ಕೋಲು ಯಾರು ಹಿಡಿಯುವುದು?"

"ಕಮಲೇಶ. ನಿಮ್ಮ ಕಲ್ಲಿನ ಮೇಲೆ ಹತ್ತಿ ನಿಲ್ಲಿಸ್ತಾನಂತೆ. ಬೋಟಿನ ಮೇಲಾದ್ರೆ ಅಲ್ಲಾಡ್ತದೆ. ಕಲ್ಲಿನ ನೆತ್ತಿಯಲ್ಲಿ ಫೋನೂ ಸಿಗ್ತದಂತೆ. ಬೋಟು ಗಂಟೆಗೆ ಎಷ್ಟು ಓಡ್ತದೆ ಅಂತ ನಾನೂ ಅವನೂ ಮೊನ್ನೆಯೇ ಅಳೆದಾಯ್ತು. ಬೆಂಗ್ರೆಯ ದಡದಲ್ಲಿ ಒಂದು ಕಿಲೋಮೀಟರು ಹಗ್ಗ ಹಿಡಿದು ಗೂಟ ಹೊಡೆದು, ಪಕ್ಕದಲ್ಲೇ ಬೋಟು ಓಡಿಸಿದೆವು. ಗಂಟೆಗೆ ಹದಿಮೂರು ಕಿಲೋಮೀಟರು. ಇನ್ನು ನೀವು ಗಂಟೆ ಹೇಳಿದ್ರೆ ಆಯ್ತು. ಉತ್ತರಕ್ಕೆ ಮಾತ್ರ ಎಷ್ಟು? ಪಶ್ಚಿಮಕ್ಕೆ ಹೋದದ್ದು ಈ ಲೆಕ್ಕಕ್ಕೆ ಬೇಡ."

"ಜಿಪಿಎಸ್ ಉಂಟಲ್ಲ ಟೀಚರೇ" ಎಂದ ಮೊಯ್ದೀನಬ್ಬ.

"ಭೂಮಿ ಎಷ್ಟು ದೊಡ್ಡದು ಅಂತ ಅದಕ್ಕೆ ಮೊದಲೇ ಹೇಳಿಕೊಟ್ಟಿದ್ದಾರೆ. ಅದನ್ನು ಕೇಳಿದ್ರೆ ಪರೀಕ್ಷೆಯಲ್ಲಿ ಪಕ್ಕದವರ ಪೇಪರು ನೋಡಿದ ಹಾಗೆ. ಈಜಿಪ್ಟಿನವನಿಗೆ ಹೆಜ್ಜೆ ಎಣಿಸಿ ದಾರಿ ಅಳೆಯುವ ಆಳುಗಳಿದ್ರು. ನನಗೆ ಮಾವ ಇದ್ದಾರೆ."

ಗಿರಿಯಪ್ಪ ದೂರವನ್ನು ಯಾವತ್ತೂ ಎರಡು ಪಾಲು ಮಾಡಿ ನೆನಪಿಡುವವನು: ಉತ್ತರಕ್ಕೆ ಇಷ್ಟು ಗಂಟೆ, ಪಶ್ಚಿಮಕ್ಕೆ ಇಷ್ಟು ಗಂಟೆ. ಹದಿನೆಂಟು ಎಂಬುದು ನಾಲಗೆಯ ತುದಿಗೆ ಬಂದಿತ್ತು. ಆದರೆ ಮೊಯ್ದೀನಬ್ಬನ ಚಾ ಲೋಟ ಗಾಳಿಯಲ್ಲೇ ನಿಂತುಬಿಟ್ಟಿತ್ತು.

"ಒಂದು ಹಗಲು, ಒಂದು ರಾತ್ರಿ" ಎಂದ ಗಿರಿಯಪ್ಪ.

"ಇಪ್ಪತ್ತನಾಲ್ಕು" ಎಂದು ಶರ್ಮಿಳಾ ತಲೆಯಾಡಿಸಿ ಒಳಗೆ ಹೋದಳು. ಮೊಯ್ದೀನಬ್ಬ ಚಾ ಹೀರಿದ. ಇಷ್ಟು ದೊಡ್ಡ ಭೂಮಿಗೆ ಆರು ಗಂಟೆ ಯಾವ ಲೆಕ್ಕ ಎಂದು ಗಿರಿಯಪ್ಪ ತನಗೇ ಸಮಾಧಾನ ಹೇಳಿಕೊಂಡು ಬಲೆಯನ್ನು ಮತ್ತೆ ತೊಡೆಗೆ ಎಳೆದುಕೊಂಡ.

*

ಇಪ್ಪತ್ತನಾಲ್ಕರಂದು ಭಜನಾ ಮಂದಿರದ ಮುಂದಿನ ಮರಳಿನ ಅಂಗಳದಲ್ಲಿ ಊರಿನ ಅರ್ಧ ಜನ ಸೇರಿದ್ದರು. ಶಾಲೆಗೆ ರಜೆಯಾದರೂ ಶರ್ಮಿಳಾಳ ತರಗತಿಯ ಮಕ್ಕಳು ಫೆರಿ ತುಂಬ ಬಂದಿದ್ದರು. ಅವರಲ್ಲಿ ಮೊಯ್ದೀನಬ್ಬನ ಮೊಮ್ಮಗಳು ರೈಹಾನಾಳೂ ಇದ್ದಳು. ನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ರೇಚಲ್, ಶರ್ಮಿಳಾಳ ಜೊತೆ ಎಂಎಸ್ಸಿ ಓದಿದವಳು, ಕಪ್ಪು ಕೊಡೆ ಹಿಡಿದು ಬಂದಿದ್ದಳು. ಗಿರಿಯಪ್ಪನ ಹೆಂಡತಿ ಲಕ್ಷ್ಮೀ ದೊಡ್ಡ ಪಾತ್ರೆಯಲ್ಲಿ ಮಜ್ಜಿಗೆ ತಂದು ಚಪ್ಪರದಡಿ ಕೂತಿದ್ದಳು.

ಅಂಗಳದ ನಡುವೆ ಮೂರು ಮೀಟರಿನ ಕಬ್ಬಿಣದ ಪೈಪು. ಅದು ನೆಟ್ಟಗೆ ನಿಂತಿದೆಯೇ ಎಂದು ನೋಡಲು ಬಲೆಗೆ ಕಟ್ಟುವ ಸೀಸದ ಗುಂಡನ್ನು ದಾರದಲ್ಲಿ ಇಳಿಬಿಟ್ಟಿದ್ದರು. ಅಂಥದ್ದೇ ಪೈಪು, ಅಂಥದ್ದೇ ಗುಂಡು ಕಮಲೇಶನ ಜೊತೆ ಕಲ್ಲಿಗೆ ಹೋಗಿತ್ತು. ಪಕ್ಕದಲ್ಲಿ ಕರಿಹಲಗೆ. ಅದರ ಮೇಲೆ ಶರ್ಮಿಳಾ ದೊಡ್ಡ ಅಕ್ಷರದಲ್ಲಿ ಬರೆದಿದ್ದಳು: 'ಬೆಂಗ್ರೆಯಿಂದ ಕಲ್ಲಿಗೆ, 24 ಗಂಟೆ × 13 = 312 ಕಿ.ಮೀ. ದೂರ ಹೇಳಿದವರು: ತಂಡೇಲ ಗಿರಿಯಪ್ಪ.'

ತನ್ನ ಹೆಸರಿನ ಪಕ್ಕದಲ್ಲಿ ಆ ಅಂಕಿ ನೋಡಿ ಗಿರಿಯಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

ಸೂರ್ಯ ಮೇಲೇರುವವರೆಗೆ ಶರ್ಮಿಳಾ ಮಾತಾಡಿದಳು. ಮನೆಯಲ್ಲಿ ಮೂರು ಮಾತಿಗೆ ನಾಲ್ಕನೆಯದನ್ನು ಸೇರಿಸದವಳು ಇಲ್ಲಿ ಹೊಯ್ಗೆಯ ಮೇಲೆ ಬರಿಗಾಲಲ್ಲಿ ನಿಂತು, ದನಿ ಎತ್ತದೆ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದಳು.

"ಮೊದಲು ನಾವು ಭೂಮಿ ಅಂದ್ರೆ ಒಂದು ತಟ್ಟೆ ಅಂತ ನಂಬಿದ್ದೆವು. ಆಮೇಲೆ ಉಂಡೆ ಅಂತ ಗೊತ್ತಾಯ್ತು. ಆದರೂ ನಾವೇ ನಡುವಿನಲ್ಲಿ. ಸೂರ್ಯ, ಚಂದ್ರ, ನಕ್ಷತ್ರ ಎಲ್ಲ ನಮ್ಮ ಸುತ್ತ ತಿರುಗುವ ಆಳುಗಳು. ಆಮೇಲೆ ಒಬ್ಬೊಬ್ಬರೇ ಬಂದು ನಮ್ಮನ್ನು ಕುರ್ಚಿಯಿಂದ ಎಬ್ಬಿಸಿದ್ರು. ತಿರುಗುವುದು ಸೂರ್ಯ ಅಲ್ಲ, ನಾವು ಅಂದ್ರು. ಸರಿ, ಸೂರ್ಯನಾದ್ರೂ ನಡುವಿನಲ್ಲಿ ಇದ್ದಾನಲ್ಲ ಅಂತ ಸಮಾಧಾನ ಮಾಡಿಕೊಂಡೆವು. ಅವನೂ ಇಲ್ಲವಂತೆ. ಆಕಾಶಗಂಗೆಯಲ್ಲಿ ಒಂದು ಬದಿಗೆ ಇದ್ದಾನೆ, ಕೋಟಿ ಕೋಟಿ ನಕ್ಷತ್ರಗಳಲ್ಲಿ ಒಬ್ಬ. ಅಂಥ ಆಕಾಶಗಂಗೆಗಳೂ ಕೋಟಿಗಟ್ಟಲೆ."

"ಹಾಗಾದ್ರೆ ನಾವು ಇರುವುದು ಮೂಲೆಯಲ್ಲಿ" ಎಂದ ಮೊಯ್ದೀನಬ್ಬ.

"ಹೌದು."

"ಅದು ಕಡೆಯ ಫೆರಿ ತಪ್ಪಿದವರಿಗೆಲ್ಲ ಮೊದಲೇ ಗೊತ್ತುಂಟು."

ಜನ ನಕ್ಕರು. ಶರ್ಮಿಳಾ ನಗು ನಿಲ್ಲುವವರೆಗೆ ಕಾದಳು.

"ಮೂಲೆಯಲ್ಲಿ ಕೂತುಕೊಂಡೇ ಇಷ್ಟೆಲ್ಲ ಕಂಡುಹಿಡಿದೆವಲ್ಲ ಮೊಯ್ದೀನಾಕ. ನಡುವಿನಲ್ಲಿ ಕೂರುವುದಕ್ಕಿಂತ ಅದು ದೊಡ್ಡದು. ಕೈಯಲ್ಲಿ ಏನಿತ್ತು? ಒಂದು ಕೋಲು, ಒಂದು ನೆರಳು, ಎರಡು ಕಣ್ಣು."

"ಟೀಚರ್, ಮಂಗಳನ ಕತೆ ಹೇಳಿ" ಎಂದಳು ರೈಹಾನಾ.

ಶರ್ಮಿಳಾ ಪೈಪಿನ ನೆರಳು ನೋಡಿದಳು. ಅದು ಇನ್ನೂ ಗೇಣುದ್ದ ಇತ್ತು.

"ದುರ್ಬೀನು ಬರುವುದಕ್ಕಿಂತ ಮೊದಲು ಡೆನ್ಮಾರ್ಕ್ ದೇಶದಲ್ಲಿ ಒಬ್ಬನಿದ್ದ. ಬರಿಗಣ್ಣಿನಲ್ಲೇ ಗ್ರಹಗಳ ಜಾಗ ಅಳೆಯುತ್ತಿದ್ದ. ಅವನಷ್ಟು ಚೆನ್ನಾಗಿ ಅಳೆದವರು ಅವತ್ತು ಲೋಕದಲ್ಲೇ ಇರಲಿಲ್ಲ. ಆದರೆ ಅಂಕಿಗಳನ್ನು ಯಾರಿಗೂ ಪೂರ್ತಿ ಕೊಡ್ತಿರಲಿಲ್ಲ. ಅವನ ಹತ್ತಿರ ಕೆಲಸಕ್ಕೆ ಸೇರಿದ ಒಬ್ಬ ಜಾಣನಿಗೆ ಊಟದ ಹೊತ್ತಿಗೆ ಒಂದು ಅಂಕಿ, ಇನ್ನೊಂದು ದಿನ ಒಂದು ಅಂಕಿ, ಹಾಗೆ ಬೇಕೋ ಬೇಡವೋ ಅಂತ ಹೇಳುವುದು."

"ಪಾಪ, ಅವನಿಗೆ ಕಷ್ಟಪಟ್ಟು ಸಿಕ್ಕಿದ್ದಲ್ವಾ" ಎಂದ ಗಿರಿಯಪ್ಪ, ತನಗರಿವಿಲ್ಲದೆ.

"ಹೌದು ಮಾವ. ಕಷ್ಟಪಟ್ಟು ಸಿಕ್ಕಿದ್ದು. ಅವನು ಸತ್ತ ಮೇಲೆ ಎಲ್ಲ ಅಂಕಿ ಆ ಜಾಣನ ಕೈಗೆ ಬಂತು. ಮಂಗಳ ಓಡುವ ದಾರಿ ದುಂಡಗಿಲ್ಲ, ಸ್ವಲ್ಪ ಒತ್ತಿದ ಬಳೆಯ ಹಾಗೆ ಉಂಟು ಅಂತ ಅವನು ಕಂಡುಹಿಡಿದ. ಆಕಾಶದ ಬೀಗ ತೆಗೆದದ್ದು ಆ ಅಂಕಿಗಳೇ. ಆದರೆ ಅದನ್ನು ನೋಡಲಿಕ್ಕೆ ಅಳೆದವನು ಇರಲಿಲ್ಲ."

ಗಿರಿಯಪ್ಪ ಕರಿಹಲಗೆಯ ಕಡೆ ನೋಡಲಿಲ್ಲ. ಸಮುದ್ರದ ಕಡೆ ನೋಡಿದ.

ಹನ್ನೆರಡೂವರೆಯ ಹತ್ತಿರ ಮಾತು ತಾನಾಗಿ ನಿಂತಿತು. ಪೈಪಿನ ನೆರಳು ಕುಗ್ಗುತ್ತ ಕುಗ್ಗುತ್ತ ಬುಡಕ್ಕೆ ಬಂದು, ಬುಡದೊಳಗೇ ಹೋಯಿತು. ಮಕ್ಕಳು ಕೂಗಿಕೊಂಡರು. ಗಿರಿಯಪ್ಪ ತನ್ನ ಕಾಲ ಕೆಳಗೆ ನೋಡಿದ. ನೆರಳು ಅಂಗಾಲಿನ ಸುತ್ತ ಒಂದು ಸಣ್ಣ ಕಪ್ಪು ಕೊಚ್ಚೆಯ ಹಾಗಿತ್ತು. ಅರುವತ್ತೆಂಟು ವರ್ಷ ಈ ಸೂರ್ಯನ ಕೆಳಗೆ ಬೆಂದವನು, ಒಮ್ಮೆಯೂ ಇದನ್ನು ಗಮನಿಸಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲೇ ಫೋನು ಬಡಿದುಕೊಂಡಿತು. ಶರ್ಮಿಳಾ ಅದನ್ನು ಎಲ್ಲರಿಗೂ ಕೇಳುವ ಹಾಗೆ ಎತ್ತಿ ಹಿಡಿದಳು. ಅಲೆಯ ಸದ್ದಿನ ನಡುವೆ ಕಮಲೇಶನ ದನಿ.

"ಅತ್ತಿಗೇ, ಹನ್ನೊಂದು ಸೆಂಟಿಮೀಟರು. ಅದಕ್ಕಿಂತ ಗಿಡ್ಡ ಆಗ್ಲಿಲ್ಲ. ಕಾಲು ಸುಟ್ಟು ಹಪ್ಪಳ ಆಗಿದೆ."

ಶರ್ಮಿಳಾ ಹಲಗೆಯ ಮೇಲೆ ಬರೆದಳು. ಮೂರು ಮೀಟರಿನ ಕೋಲು, ಹನ್ನೊಂದು ಸೆಂಟಿಮೀಟರಿನ ನೆರಳು. ಅಂದರೆ 2.1 ಡಿಗ್ರಿ ಕೋನ; ಬೆಂಗ್ರೆಯಿಂದ ಕಲ್ಲಿನವರೆಗೆ ಭೂಮಿ ಬಾಗಿದ್ದು ಪೂರ್ತಿ ಸುತ್ತಿನ ನೂರ ಎಪ್ಪತ್ತೊಂದರಲ್ಲಿ ಒಂದು ಪಾಲು. "ಮಾವ ಹೇಳಿದ ದೂರವನ್ನು ನೂರ ಎಪ್ಪತ್ತೊಂದರಿಂದ ಗುಣಿಸಿದ್ರೆ ಇಡೀ ಭೂಮಿ" ಎಂದಳು.

ಗುಣಿಸುವುದು! ಗಿರಿಯಪ್ಪ ಹಲಗೆಯ ಕಡೆ ತಿರುಗಿದ. ತನ್ನ ಆರು ಗಂಟೆ ಆರೇ ಗಂಟೆಯಾಗಿ ಉಳಿಯುತ್ತದೆ ಎಂದುಕೊಂಡಿದ್ದ. ಅದು ನೂರ ಎಪ್ಪತ್ತೊಂದು ಪಟ್ಟು ಬೆಳೆದು ಊರ ಮುಂದೆ ಬಂದು ನಿಲ್ಲುತ್ತದೆ ಎಂದು ಯಾರು ಕಂಡಿದ್ದರು?

ಮಕ್ಕಳು ಒಟ್ಟಿಗೆ ಲೆಕ್ಕ ಮಾಡಿದರು. ಐವತ್ತಮೂರು ಸಾವಿರದ ಮುನ್ನೂರ ಐವತ್ತೆರಡು ಕಿಲೋಮೀಟರು.

ಶರ್ಮಿಳಾ ಸೀಮೆಸುಣ್ಣ ಹಿಡಿದು ಗುಣಾಕಾರವನ್ನು ಮೇಲಿನಿಂದ ಪುನಃ ನೋಡಿದಳು. ರೇಚಲ್ ಕೊಡೆ ಮಡಚಿ ಹತ್ತಿರ ಬಂದು ಮೆಲ್ಲನೆ, "ಭೂಮಿ ಸ್ವಲ್ಪ ದಪ್ಪ ಆಗಿದೆ ಮಾರಾಯ್ತಿ" ಎಂದಳು. ಹಿಂದಿನಿಂದ ಯಾರೋ, "ಪುಸ್ತಕದಲ್ಲಿ ನಲವತ್ತು ಸಾವಿರ ಅಂತ ಉಂಟಲ್ವಾ?" ಎಂದರು. ಇನ್ಯಾರೋ ಕಿಸಕ್ಕೆಂದರು.

"ಕಮಲೇಶ, ನೆರಳು ಸರಿಯಾಗಿ ಅಳೆದಿದ್ದೀಯಾ?" ಶರ್ಮಿಳಾ ಫೋನಿಗೆ ಕೇಳಿದಳು.

"ಮೂರು ಸಲ ಅಳೆದೆ ಅತ್ತಿಗೆ."

"ಪೈಪು ವಾಲಿರಲಿಲ್ಲ ಅಲ್ವಾ?"

"ಗುಂಡು ಬಿಟ್ಟು ನೋಡಿದೆ. ನೆರಳು ಸರಿ ಉಂಟು." ಅಲೆ ಕಲ್ಲಿಗೆ ಬಡಿಯಿತು. "ಗಂಟೆಯ ಲೆಕ್ಕ ಅಪ್ಪನದ್ದು. ಬೇಕಾದ್ರೆ ಅಪ್ಪನ ಹತ್ರ ಕೇಳಿ."

ಮೊಯ್ದೀನಬ್ಬ ನಿಧಾನವಾಗಿ ಗಿರಿಯಪ್ಪನ ಕಡೆ ತಿರುಗಿದ.

ಶರ್ಮಿಳಾ ಮಾತ್ರ ತಿರುಗಲಿಲ್ಲ. "ಮಾವನ ಗಂಟೆ ತಪ್ಪುವುದಿಲ್ಲ" ಎಂದಳು. ಫೋನಿಗೆ ಹೇಳಿದ್ದೋ ಜನರಿಗೆ ಹೇಳಿದ್ದೋ ತಿಳಿಯಲಿಲ್ಲ. "ನಲವತ್ತು ವರ್ಷ ಮಂಜಿನಲ್ಲೂ ದಾರಿ ತಪ್ಪದೆ ಅಳಿವೆಗೆ ಬಂದವರು. ಈ ಹಲಗೆಯ ಮೇಲೆ ನನಗೆ ಪೂರ್ತಿ ನಂಬಿಕೆ ಇರುವ ಅಂಕಿ ಅದೊಂದೇ. ತಪ್ಪಿದ್ದು ನಾನೇ. ಬೋಟಿನ ವೇಗ ಅಳೆಯುವಾಗ ಹೊಳೆಯ ಸೆಳೆತ ಲೆಕ್ಕಕ್ಕೆ ಹಿಡಿಯಲಿಲ್ಲವೋ ಏನೋ. ಕ್ಷಮಿಸಿ. ಇನ್ನೊಮ್ಮೆ ಯಾವಾಗಾದ್ರೂ ಮಾಡುವ."

ಅವಳು ಡಸ್ಟರ್ ತೆಗೆದುಕೊಂಡಳು. ಭೂಮಿಯನ್ನೇ ಒರೆಸುವುದಕ್ಕೆ ಹೊರಟಳು. ಅವಳ ಮುಖ ಎರಡು ವರ್ಷದಿಂದ ಇದ್ದ ಹಾಗೇ ಆಯಿತು, ನೀರು ಇಳಿದ ಮೇಲಿನ ಹೊಯ್ಗೆಯ ಹಾಗೆ.

"ಹದಿನೆಂಟು" ಎಂದ ಗಿರಿಯಪ್ಪ.

ಯಾರಿಗೂ ಸರಿಯಾಗಿ ಕೇಳಲಿಲ್ಲ. ಅವನು ಚಪ್ಪರದಿಂದ ಎದ್ದು ಬಿಸಿಲಿಗೆ ಬಂದ. ಸಮುದ್ರದಲ್ಲಿ ಆಚೆ ಬೋಟಿಗೆ ಕೂಗುವ ದನಿಯಲ್ಲಿ ಇನ್ನೊಮ್ಮೆ ಹೇಳಿದ:

"ಹದಿನೆಂಟು ಗಂಟೆ! ಉತ್ತರಕ್ಕೆ ಹದಿನೆಂಟು. ನನ್ನ ಸೊಸೆಯ ಲೆಕ್ಕ ಸರಿಯುಂಟು. ಸುಳ್ಳು ಹೇಳಿದ್ದು ನಾನು."

ಅಲ್ಲಿದ್ದ ಗಂಡಸರಲ್ಲಿ ಬಹುಮಂದಿ ಆ ಕಲ್ಲಿಗಾಗಿ ಡೀಸೆಲ್ ಸುಟ್ಟವರೇ. ಎಲ್ಲರ ತಲೆಯೊಳಗೂ ಎಂಜಿನ್ನುಗಳು ಗೋವೆಯಿಂದ ಹಿಂದಕ್ಕೆ ತಿರುಗಿದವು.

"ಗೋವೆಯ ಈಚೆಗಾ?" ಎಂದ ಮೊಯ್ದೀನಬ್ಬ. ಅವನದು ಸಣ್ಣ ಹುಡುಗನ ದನಿಯಾಗಿತ್ತು.

"ಈಚೆಗೆ."

"ಮೂವತ್ತು ವರ್ಷ, ಗಿರಿಯಪ್ಪ! ಮೂವತ್ತು ವರ್ಷ ನಾನು ಗೋವೆಯ ಆಚೆ ಒಂದೊಂದು ಕಲ್ಲನ್ನೂ ಮುಟ್ಟಿ ಮುಟ್ಟಿ ನೋಡಿದೆ. ಅಲ್ಲಿಯ ಪೊಲೀಸರಿಗೆ ನನ್ನ ಹೆಸರು ಬಾಯಿಪಾಠ ಉಂಟು ಮಾರಾಯ!"

ಮೊದಲು ನಕ್ಕಿದ್ದು ಲಕ್ಷ್ಮೀ. ಆಮೇಲೆ ಮೊಯ್ದೀನಬ್ಬನೇ ತೊಡೆ ತಟ್ಟಿಕೊಂಡು ನಕ್ಕ. ಆ ನಗುವಿನ ನಡುವೆ ಗಿರಿಯಪ್ಪ ನೋಡುತ್ತಿದ್ದದ್ದು ಕರಿಹಲಗೆಯನ್ನು ಮಾತ್ರ. ಶರ್ಮಿಳಾ ಇಪ್ಪತ್ತನಾಲ್ಕನ್ನು ಒರೆಸಿ ಹದಿನೆಂಟು ಬರೆದಳು. ಹದಿಮೂರರಿಂದ ಗುಣಿಸಿದಳು: ಇನ್ನೂರ ಮೂವತ್ತನಾಲ್ಕು. ನೂರ ಎಪ್ಪತ್ತೊಂದರಿಂದ ಗುಣಿಸಿದಳು. ಸೀಮೆಸುಣ್ಣ ಹಲಗೆಗೆ ಬಡಿಯುವ ಸದ್ದು ಒಂದೊಂದೂ ಕೇಳುತ್ತಿತ್ತು.

40,014.

ರೇಚಲ್ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡಳು. "ಏ ಶರ್ಮಿ! ಪುಸ್ತಕದಲ್ಲಿರುವುದೂ ಇದೇ ಅಲ್ವಾ! ಒಂದು ಪೈಪಿನಲ್ಲಿ, ಒಂದು ಬೋಟಿನಲ್ಲಿ!" ಮಕ್ಕಳು ಕುಣಿದರು. ಫೋನಿನೊಳಗಿನಿಂದ ಕಮಲೇಶ, "ಎಂತ ಆಯ್ತು? ಎಂತ ಆಯ್ತು ಮಾರಾಯ್ರೆ?" ಎಂದು ಕೂಗುತ್ತಿದ್ದ. "ಸರಿ ಬಂತು ಕಮಲೇಶ. ಇಳಿದು ಬಾ" ಎಂದಳು ಶರ್ಮಿಳಾ. ಹಲಗೆಯಲ್ಲಿ ಗಿರಿಯಪ್ಪನ ಹೆಸರಿನ ಹಿಂದೆ ಇದ್ದ 'ದೂರ ಹೇಳಿದವರು' ಎಂಬುದನ್ನು ಒರೆಸಿ ಅಲ್ಲಿ 'ಭೂಮಿ ಅಳೆದವರು' ಎಂದು ಬರೆದಳು.

"ಒಂದು ಪ್ರಶ್ನೆ ತಂಡೇಲರೇ" ಎಂದ ಮೊಯ್ದೀನಬ್ಬ, ಕಣ್ಣು ಒರೆಸಿಕೊಳ್ಳುತ್ತ. "ಉತ್ತರಕ್ಕೆ ಹದಿನೆಂಟು ಆಯ್ತು. ಪಶ್ಚಿಮಕ್ಕೆ ಎಷ್ಟು?"

"ಅದನ್ನು ಭೂಮಿ ಕೇಳಲಿಲ್ಲ."

"ರೈಹಾನಾ!" ಮೊಯ್ದೀನಬ್ಬ ಮೊಮ್ಮಗಳನ್ನು ಕರೆದ. "ಚೆನ್ನಾಗಿ ಓದು ಮಗಳೇ. ನಾಳೆ ನೀನು ಚಂದ್ರನನ್ನು ಅಳೆ. ಆಗ ಈ ಕಳ್ಳ ಪಶ್ಚಿಮವನ್ನೂ ಹೇಳ್ತಾನೆ."

*

ಜನ ಚದುರಿದ ಮೇಲೆ ಮಾವ ಸೊಸೆ ಪೈಪು ಕಿತ್ತರು. ನೆರಳು ಹೊರಗೆ ಬಂದು ಈಗ ಪೂರ್ವಕ್ಕೆ ಚಾಚಿತ್ತು. ಹಲಗೆಯನ್ನು ಒರೆಸಬೇಡ, ಹಾಗೇ ಮಂದಿರದೊಳಗೆ ಇಡುವ ಎಂದ ಗಿರಿಯಪ್ಪ. ಶರ್ಮಿಳಾ ಹೂಂ ಎಂದಳು.

ಫೆರಿ ಕಟ್ಟೆಯವರೆಗೆ ಹೋಗಿ ರೇಚಲಳನ್ನು ಬಿಟ್ಟು ಹಿಂದೆ ಬರುವಾಗ ಗಿರಿಯಪ್ಪ ನಡಿಗೆ ನಿಧಾನ ಮಾಡಿದ. ಎದುರಿಗೆ ಅಳಿವೆ. ಅದರಾಚೆಗೆ ಅವನು ತನ್ನದೆಂದುಕೊಂಡಿದ್ದ ಇಡೀ ಸಮುದ್ರ. ಅದು ಎಷ್ಟು ಬಾಗಿದೆ ಎಂದು ಈಗ ಅವನ ಮನೆಯವರಿಗೆ ಗೊತ್ತು.

ಅಲ್ಲೇ ನಿಂತು, ಆಚೀಚೆ ನೋಡಿ, ಪಶ್ಚಿಮಕ್ಕೆ ಎಷ್ಟು ಗಂಟೆ ಎಂದು ಹೇಳಿದ.

ಶರ್ಮಿಳಾ ಅವನ ಮುಖ ನೋಡಿದಳು. "ಲೆಕ್ಕಕ್ಕೆ ಅದು ಬೇಡ ಮಾವ."

"ಲೆಕ್ಕಕ್ಕಲ್ಲ" ಎಂದ ಗಿರಿಯಪ್ಪ. "ಧನರಾಜ ಕೇಳಿದ್ದ. ಅವನಿಗೆ ಹೇಳಲಿಕ್ಕಿತ್ತು. ಮನೆಯಲ್ಲಿ ನಿನಗೂ ಗೊತ್ತಿರಲಿ."

ಶರ್ಮಿಳಾ, ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ, ಉತ್ತರದ ಗಂಟೆಯನ್ನೂ ಪಶ್ಚಿಮದ ಗಂಟೆಯನ್ನೂ ಮೆಲ್ಲನೆ ಒಮ್ಮೆ ಹೇಳಿ ನೋಡಿದಳು.

"ಸರಿಯುಂಟು" ಎಂದ ತಂಡೇಲ.